ಪದವಿ ಇಳಿದ ಮೇಲಿನ ನಾಯಕತ್ವ: ಸೇವಾ ಕ್ಲಬ್‌ಗಳ ಜಿಲ್ಲಾ ಮುಖಂಡರಿಗೊಂದು ಬಹಿರಂಗ ಪತ್ರ

ಹಲವು ಕ್ಲಬ್‌ಗಳು ಸೇರಿದ ನಮ್ಮ ಜಿಲ್ಲೆಗಳನ್ನು ಮುನ್ನಡೆಸುವ ಗವರ್ನರ್‌ಗಳಿಗೆ, ಉಪ ಗವರ್ನರ್‌ಗಳಿಗೆ, ನಾಯಕತ್ವ ತರಬೇತಿಯ ಹೊಣೆ ಹೊತ್ತಿರುವ ಸಂಯೋಜಕರಿಗೆ, ಹಾಗೂ ಆ ತರಬೇತಿಗೆ ಅರ್ಜಿ ಹಾಕಲಿರುವ ಎಲ್ಲ ಮಾಜಿ ಅಧ್ಯಕ್ಷರಿಗೆ,

ನಮಸ್ಕಾರ.

ಸೇವಾ ಕ್ಲಬ್‌ಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ರೋಟರಿಗೂ ಅದೇ ಲೆಕ್ಕ, ಲಯನ್ಸ್‌ಗೂ ಅದೇ ಲೆಕ್ಕ. ಹೀಗಾಗಿ ಪ್ರತಿ ವರ್ಷ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಜಗತ್ತಿನಾದ್ಯಂತ ಸಾವಿರಾರು ಮಂದಿ ಅಧ್ಯಕ್ಷರಾಗಿ ಪದಗ್ರಹಣ ಮಾಡುತ್ತಾರೆ, ಅಷ್ಟೇ ಮಂದಿ ಕುರ್ಚಿ ಬಿಟ್ಟು ಇಳಿಯುತ್ತಾರೆ. ಏರುವವರಿಗಾಗಿ ನಾವು ಸಾಕಷ್ಟು ತಯಾರಿ ಮಾಡುತ್ತೇವೆ. ರೋಟರಿಯಲ್ಲಿ ನಿಯೋಜಿತ ಅಧ್ಯಕ್ಷರಿಗೆ ವಿಶೇಷ ತರಬೇತಿ ಇದೆ. ಲಯನ್ಸ್‌ನಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳಿಗೆ ಪ್ರತ್ಯೇಕ ತರಗತಿಗಳಿವೆ. ಇಳಿಯುವವರಿಗೆ ಒಂದು ಪಿನ್, ಒಂದು ಛಾಯಾಚಿತ್ರ ಮತ್ತು ‘ನಿಕಟಪೂರ್ವ ಅಧ್ಯಕ್ಷ’ ಎಂಬ ಒಂದು ವರ್ಷದ ಸ್ಥಾನ ಸಿಗುತ್ತದೆ. ಅದರ ಮುಂದಿನ ವರ್ಷ ಅವರು ಸಭೆಯ ಎರಡನೆಯ ಸಾಲಿಗೆ ಬರುತ್ತಾರೆ. ಅದರಾಚೆಗೆ ಹಲವರು ಸಭೆಗೇ ಬರುವುದಿಲ್ಲ.

ಈ ಪತ್ರ ಅವರನ್ನು ಕುರಿತದ್ದು. ಹತ್ತು ಹದಿನೈದು ವರ್ಷ ಕ್ಲಬ್ಬಿನಲ್ಲಿ ದುಡಿದು, ಅಧ್ಯಕ್ಷಗಿರಿ ಮುಗಿಸಿ, ಇನ್ನೂ ಶಕ್ತಿ, ಸಮಯ, ಸಂಪರ್ಕ ಎಲ್ಲವೂ ಇರುವ ಸದಸ್ಯರಿಗೆ ನಾವು ಯಾವ ನಾಯಕತ್ವವನ್ನು ಕಲಿಸುತ್ತಿದ್ದೇವೆ ಎಂಬುದು ನನ್ನ ಪ್ರಶ್ನೆ. ಅವರಿಗೆ ಕಲಿಸಬೇಕಾದದ್ದು ಅಧಿಕಾರವಿಲ್ಲದೆ ಮುನ್ನಡೆಸುವ ವಿದ್ಯೆ ಎಂಬುದು ನನ್ನ ದೃಢ ನಂಬಿಕೆ. ಈಗ ನಡೆಯುತ್ತಿರುವ ಬಹುಪಾಲು ತರಬೇತಿ ಅವರನ್ನು ಮುಂದಿನ ಪದವಿಗೆ ಅಣಿಗೊಳಿಸುತ್ತದೆ. ಈ ಎರಡರ ನಡುವೆ ಇರುವ ಅಂತರ ಸಣ್ಣದಲ್ಲ.

ವ್ಯವಸ್ಥೆಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಲಯನ್ಸ್ ಸಂಸ್ಥೆಯ ತರಬೇತಿಯಲ್ಲಿ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಇನ್ನೂ ಅಧ್ಯಕ್ಷರಾಗದ, ಬೆಳೆಯುತ್ತಿರುವ ಸದಸ್ಯರಿಗೆ ಎಮರ್ಜಿಂಗ್ ಲಯನ್ಸ್ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಇದೆ. ಅಧ್ಯಕ್ಷರಾಗಿ ಒಂದು ಅವಧಿಯನ್ನು ಯಶಸ್ವಿಯಾಗಿ ಮುಗಿಸಿದ, ಆದರೆ ಇನ್ನೂ ಪ್ರಥಮ ಉಪ ಗವರ್ನರ್ ಆಗದವರಿಗೆ ಅಡ್ವಾನ್ಸ್ಡ್ ಲಯನ್ಸ್ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಇದೆ. ವಲಯ, ಪ್ರಾಂತ್ಯ, ಜಿಲ್ಲಾ ಮಟ್ಟದ ಹೊಣೆಗಳಿಗೆ ಅವರನ್ನು ಸಜ್ಜುಗೊಳಿಸುವುದು ಅದರ ಉದ್ದೇಶ. ಕಲಿಸುವವರನ್ನೇ ತಯಾರು ಮಾಡಲು ಫ್ಯಾಕಲ್ಟಿ ಡೆವಲಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಬೇರೆಯೇ ಇದೆ. ರೋಟರಿಯ ಕಡೆ 1992ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆರಂಭವಾದ ರೋಟರಿ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ಇಂದು ಹಲವು ದೇಶಗಳಿಗೆ ಹಬ್ಬಿದೆ. ಅನುಭವಿಗಳಿಗೆಂದೇ ಒಂದು ಪ್ರತ್ಯೇಕ ಮೆಟ್ಟಿಲು ಬೇಕು ಎಂದು ಯೋಚಿಸಿದವರ ದೂರದೃಷ್ಟಿಗೆ ನನ್ನ ಗೌರವ ಸಲ್ಲಲೇಬೇಕು. ನಮ್ಮ ಚಿಂತೆ ಇರಬೇಕಾದದ್ದು ಆ ಮೆಟ್ಟಿಲಿಗೆ ಯಾರನ್ನು ಹತ್ತಿಸುತ್ತೇವೆ, ಅಲ್ಲಿ ಏನು ಮಾಡಿಸುತ್ತೇವೆ, ಇಳಿದು ಬಂದ ಮೇಲೆ ಏನು ಕೇಳುತ್ತೇವೆ ಎಂಬುದರ ಬಗ್ಗೆ.

ಕ್ಲಬ್ಬಿನ ಅಧ್ಯಕ್ಷರ ಕೆಲಸಕ್ಕೂ ವಲಯಾಧ್ಯಕ್ಷರ ಕೆಲಸಕ್ಕೂ ಇರುವ ವ್ಯತ್ಯಾಸವನ್ನೇ ಗಮನಿಸಿ. ಅಧ್ಯಕ್ಷರ ಕೈಯಲ್ಲಿ ಸಭೆಯ ಸುತ್ತಿಗೆ ಇರುತ್ತದೆ, ಕಾರ್ಯಸೂಚಿ ಇರುತ್ತದೆ, ಪಕ್ಕದಲ್ಲಿ ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ, ಕ್ಲಬ್ಬಿನ ಹಣ ಇರುತ್ತದೆ. ಲಯನ್ಸ್ ವ್ಯವಸ್ಥೆಯಲ್ಲಿ ಒಂದು ವಲಯಕ್ಕೆ ನಾಲ್ಕರಿಂದ ಎಂಟು ಕ್ಲಬ್‌ಗಳು. ಆ ಕ್ಲಬ್‌ಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆಡಳಿತ ಮಂಡಳಿ, ತನ್ನದೇ ತೀರ್ಮಾನ. ವಲಯಾಧ್ಯಕ್ಷರು ಯಾರಿಗೂ ಆಜ್ಞೆ ಮಾಡುವಂತಿಲ್ಲ, ಯಾವ ಕ್ಲಬ್ಬಿನ ಹಣವನ್ನೂ ಮುಟ್ಟುವಂತಿಲ್ಲ. ಎದುರಿಗೆ ಕುಳಿತವರು ಸಂಬಳ ಪಡೆಯುವ ನೌಕರರೂ ಅಲ್ಲ; ತಮ್ಮ ಜೇಬಿನಿಂದ ವಾರ್ಷಿಕ ಚಂದಾ ಕಟ್ಟಿ, ದುಡಿಮೆಯ ನಡುವೆ ಬಿಡುವು ಮಾಡಿಕೊಂಡು ಬಂದವರು. ಬೇಸರವಾದರೆ ಮುಂದಿನ ಸಭೆಗೆ ಬರುವುದಿಲ್ಲ, ಅಷ್ಟೇ. ಇಂಥ ಕಡೆ ಆಜ್ಞೆಗೆ ಬೆಲೆಯಿಲ್ಲ, ನಂಬಿಕೆಗೆ ಮಾತ್ರ ಬೆಲೆ. ರೋಟರಿಯ ಸಹಾಯಕ ಗವರ್ನರ್‌ಗಳ ಪಾಡೂ ಇದೇ. ಅಧ್ಯಕ್ಷರಾಗಿ ಗೆದ್ದ ಅಭ್ಯಾಸಗಳೇ ಇಲ್ಲಿ ಅಡ್ಡಬರುತ್ತವೆ ಎಂಬುದನ್ನು ತರಬೇತಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಂದೇ ಕ್ಲಬ್ಬಿಗೆ ಬೇರೆ ಬೇರೆ ವರ್ಷ ಬಂದ ಇಬ್ಬರು ವಲಯಾಧ್ಯಕ್ಷರ ಭೇಟಿಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲನೆಯವರು ಸಭೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಬಂದರು, ವೇದಿಕೆ ಏರಿದರು, ಸದಸ್ಯತ್ವ ಹೆಚ್ಚಿಸುವುದು ಹೇಗೆ ಎಂದು ಸೊಗಸಾಗಿ ಮಾತನಾಡಿದರು. ಕೊನೆಯಲ್ಲಿ, “ನಿಮ್ಮ ಕ್ಲಬ್ಬಿನ ಸೇವಾ ವರದಿ ನಾಲ್ಕು ತಿಂಗಳಿಂದ ಬಂದಿಲ್ಲ” ಎಂದು ಎಲ್ಲರ ಮುಂದೆ ಹೇಳಿದರು. ಕಾರ್ಯದರ್ಶಿ ತಲೆ ತಗ್ಗಿಸಿ ಕುಳಿತರು. ಮುಂದಿನ ತಿಂಗಳೂ ವರದಿ ಹೋಗಲಿಲ್ಲ.

ಇನ್ನೊಂದು ವರ್ಷ, ಇನ್ನೊಬ್ಬ ಕಾರ್ಯದರ್ಶಿಯ ಕಾಲದಲ್ಲಿ, ಅದೇ ತೊಂದರೆ ಮತ್ತೆ ತಲೆದೋರಿತ್ತು. ಆ ಸಲ ಬಂದ ವಲಯಾಧ್ಯಕ್ಷೆ ಸಭೆಗೆ ಮುಂಚೆಯೇ ಬಂದರು. ಕುರ್ಚಿ ಜೋಡಿಸುತ್ತಿದ್ದವರ ಜೊತೆ ಸೇರಿ ತಾವೂ ನಾಲ್ಕು ಕುರ್ಚಿ ಎಳೆದು ಹಾಕಿದರು. ಕಾರ್ಯದರ್ಶಿಯ ಪಕ್ಕ ಕುಳಿತು, “ವರದಿ ತುಂಬಲು ಕೂತಾಗ ಯಾವ ಜಾಗದಲ್ಲಿ ನಿಂತುಹೋಗುತ್ತದೆ? ಒಮ್ಮೆ ತೋರಿಸುತ್ತೀರಾ?” ಎಂದು ಮೆಲ್ಲಗೆ ಕೇಳಿದರು. ವಿಷಯ ಆಗ ಹೊರಬಂತು. ಹಿಂದಿನ ಕಾರ್ಯದರ್ಶಿ ವರದಿ ತುಂಬುವ ಖಾತೆಯನ್ನು ಹಸ್ತಾಂತರಿಸಿರಲಿಲ್ಲ. ಇಬ್ಬರಿಗೂ ನಡುವೆ ಸ್ವಲ್ಪ ಮುನಿಸು. ಹೊಸಬರಿಗೆ ಹೋಗಿ ಕೇಳಲು ಸಂಕೋಚ, ಹಳಬರಿಗೆ ತಾವಾಗಿ ಕೊಡಲು ಬಿಗುಮಾನ. ವಲಯಾಧ್ಯಕ್ಷೆ ಅಲ್ಲಿಂದಲೇ ಹಳಬರಿಗೆ ಫೋನ್ ಮಾಡಿ, ಅವರ ಅವಧಿಯಲ್ಲಿ ನಡೆದ ಒಂದು ರಕ್ತದಾನ ಶಿಬಿರವನ್ನು ನೆನೆದು, ಈ ಹೊಸ ಕಾರ್ಯದರ್ಶಿಗೆ ಒಂದು ಅರ್ಧ ಗಂಟೆ ಕೊಡಬಹುದೇ ಎಂದು ಕೇಳಿದರು. ಅದೇ ವಾರ ಬಾಕಿ ವರದಿಗಳೆಲ್ಲ ಹೋದವು. ಸಭೆಯಲ್ಲಿ ಆಕೆ ಮಾಡಿದ ಭಾಷಣ ನನಗೆ ನೆನಪಿಲ್ಲ, ಬಹುಶಃ ತುಂಬ ಚಿಕ್ಕದಿರಬೇಕು.

ಈ ಎರಡನೆಯ ಬಗೆಯ ನಡೆ ತಾನಾಗಿ ಬರುವ ಗುಣವೇ ಅಥವಾ ಕಲಿಸಬಹುದಾದ ವಿದ್ಯೆಯೇ? ಕಲಿಸಬಹುದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಆದರೆ ಪರದೆಯ ಮೇಲೆ ಸ್ಲೈಡ್ ತೋರಿಸಿ ಅದನ್ನು ಕಲಿಸಲಾಗದು. ‘ಉತ್ತಮ ನಾಯಕನ ಹತ್ತು ಲಕ್ಷಣಗಳು’ ಎಂಬ ಸ್ಲೈಡನ್ನು ಹೊಸ ಸದಸ್ಯರಿಗೂ ತೋರಿಸುತ್ತೇವೆ, ಇಪ್ಪತ್ತು ವರ್ಷದ ಅನುಭವಿಗೂ ತೋರಿಸುತ್ತೇವೆ. ಅನುಭವಿಗಳು ಸೌಜನ್ಯದಿಂದ ಕುಳಿತು ಕೇಳುತ್ತಾರೆ, ವಿರಾಮದಲ್ಲಿ ಹಳೆಯ ಗೆಳೆಯರನ್ನು ಮಾತನಾಡಿಸುತ್ತಾರೆ, ಪ್ರಮಾಣಪತ್ರ ಪಡೆದು ಹೊರಡುತ್ತಾರೆ. ಅವರ ಮೂರು ದಿನ ಹೋಯಿತು, ಸಂಸ್ಥೆಯ ಹಣ ಹೋಯಿತು, ಅವರ ತಲೆಯಲ್ಲಿದ್ದ ಅಪಾರ ಅನುಭವವನ್ನು ಯಾರೂ ಹೊರತೆಗೆಯಲಿಲ್ಲ. ನನಗೆ ಅತ್ಯಂತ ನೋವು ತರುವುದು ಈ ಕೊನೆಯ ನಷ್ಟ.

ವಯಸ್ಕರ ಕಲಿಕೆಯ ಬಗ್ಗೆ ಜೀವಮಾನವಿಡೀ ಕೆಲಸ ಮಾಡಿದ ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್ ಒತ್ತಿ ಹೇಳಿದ್ದು ಇದನ್ನೇ. ವಯಸ್ಕರು ಖಾಲಿ ಪಾತ್ರೆಯಾಗಿ ತರಗತಿಗೆ ಬರುವುದಿಲ್ಲ. ಅವರ ಅನುಭವವೇ ಕಲಿಕೆಯ ದೊಡ್ಡ ಸಂಪನ್ಮೂಲ. ಇದನ್ನು ಏಕೆ ಕಲಿಯಬೇಕು ಎಂಬುದು ಅವರಿಗೆ ಮೊದಲು ಗೊತ್ತಾಗಬೇಕು. ವಿಷಯಕ್ಕಿಂತ ಸಮಸ್ಯೆ ಅವರನ್ನು ಹೆಚ್ಚು ಎಳೆಯುತ್ತದೆ. ರೋಟರಿ ಲೀಡರ್‌ಶಿಪ್ ಇನ್‌ಸ್ಟಿಟ್ಯೂಟ್ ತನ್ನ ಪಠ್ಯವನ್ನು ಉಪನ್ಯಾಸಗಳ ಮೇಲೆ ಕಟ್ಟದೆ ಸಣ್ಣ ಗುಂಪಿನ ಚರ್ಚೆಗಳ ಮೇಲೆ ಕಟ್ಟಿದ್ದರಲ್ಲಿ ಈ ತಿಳಿವಳಿಕೆ ಇದೆ. ಅಲ್ಲಿ ಮುಂದೆ ನಿಂತವರು ಚರ್ಚೆಯನ್ನು ನಡೆಸಿಕೊಡುವವರೇ ಹೊರತು ಉಪನ್ಯಾಸಕರಲ್ಲ. ಈ ಪದ್ಧತಿ ಎಲ್ಲ ಸೇವಾ ಕ್ಲಬ್‌ಗಳ ಹಿರಿಯರ ತರಬೇತಿಗೂ ಬರಬೇಕು, ಹೆಸರಿಗಷ್ಟೇ ಅಲ್ಲದೆ ನಿಜವಾಗಿ ಬರಬೇಕು.

ಹಾಗೆ ನಿಜವಾಗಿ ನಡೆದ ಒಂದು ಅಭ್ಯಾಸವನ್ನು ಹೇಳುತ್ತೇನೆ. ತರಬೇತುದಾರರು ಗುಂಪಿಗೆ ಒಂದು ಸನ್ನಿವೇಶ ಕೊಟ್ಟರು. ಒಂದು ಕ್ಲಬ್ಬಿನ ಅಧ್ಯಕ್ಷರಿಗೂ ಖಜಾಂಚಿಗೂ ಮಾತು ನಿಂತಿದೆ, ನೇತ್ರ ತಪಾಸಣಾ ಶಿಬಿರಕ್ಕೆ ಎರಡೇ ವಾರ ಉಳಿದಿದೆ, ಆಸ್ಪತ್ರೆಗೆ ಮುಂಗಡ ಕೊಡಬೇಕಾದ ಚೆಕ್ಕಿಗೆ ಖಜಾಂಚಿ ಸಹಿ ಹಾಕುತ್ತಿಲ್ಲ. ಒಬ್ಬ ಹಿರಿಯ ಸದಸ್ಯರು ವಲಯಾಧ್ಯಕ್ಷರ ಪಾತ್ರ ವಹಿಸಬೇಕು, ಇನ್ನಿಬ್ಬರು ಜಗಳವಾಡಿದವರ ಪಾತ್ರ. ಖಜಾಂಚಿಯ ಪಾತ್ರಧಾರಿಯ ಚೀಟಿಯಲ್ಲಿ ಮಾತ್ರ ಒಂದು ಗುಟ್ಟು ಬರೆದಿತ್ತು: ಹಿಂದಿನ ಶಿಬಿರದ ಎರಡು ಖರ್ಚುಗಳಿಗೆ ರಸೀದಿ ಸಿಕ್ಕಿಲ್ಲ, ಅದನ್ನು ಸಭೆಯಲ್ಲಿ ಎತ್ತಿದರೆ ಅಧ್ಯಕ್ಷರನ್ನು ಅನುಮಾನಿಸಿದಂತಾಗುತ್ತದೆಂದು ಅವರು ಸುಮ್ಮನಿದ್ದಾರೆ. ಕೇಳಿದರೆ ಮಾತ್ರ ಹೇಳಬೇಕು, ತಾವಾಗಿ ಹೇಳುವಂತಿಲ್ಲ. ಸುತ್ತ ಕುಳಿತವರ ಕೈಗೆ ಒಂದೊಂದು ಹಾಳೆ ಕೊಟ್ಟು, ವಲಯಾಧ್ಯಕ್ಷರು ಎಷ್ಟು ಸಲಹೆ ಕೊಟ್ಟರು, ಎಷ್ಟು ಪ್ರಶ್ನೆ ಕೇಳಿದರು ಎಂದು ಗೆರೆ ಹಾಕುತ್ತಾ ಹೋಗಲು ತಿಳಿಸಿದರು.

ಆ ಹಿರಿಯರು ಮಾತಿನಲ್ಲಿ ಎತ್ತಿದ ಕೈ. ಸೇವೆಯ ಮಹತ್ವ, ಕ್ಲಬ್ಬಿನ ಘನತೆ, ಶಿಬಿರಕ್ಕಾಗಿ ಕಾದಿರುವ ವೃದ್ಧರು ಎಲ್ಲವನ್ನೂ ಮನಮುಟ್ಟುವಂತೆ ಹೇಳಿದರು. ಚೆಕ್ಕಿಗೆ ಸಹಿ ಬೀಳಲಿಲ್ಲ. ಹಾಳೆಗಳನ್ನು ನೋಡಿದಾಗ ಸಲಹೆಯ ಕಡೆ ಗೆರೆಗಳು ಸಾಲುಗಟ್ಟಿದ್ದವು, ಪ್ರಶ್ನೆಯ ಕಡೆ ಒಂದೇ ಗೆರೆ ಇತ್ತು. ಅವರು ಹಾಳೆಯನ್ನು ತುಂಬ ಹೊತ್ತು ನೋಡಿ, “ಇನ್ನೊಮ್ಮೆ ಮಾಡೋಣ” ಎಂದರು. ಎರಡನೆಯ ಸಲ ಅಧ್ಯಕ್ಷರನ್ನು ಸ್ವಲ್ಪ ಹೊರಗಿರಲು ಹೇಳಿ, ಖಜಾಂಚಿಯ ಎದುರು ಕುಳಿತು, “ಸಹಿ ಹಾಕಲು ನಿಮ್ಮನ್ನು ತಡೆಯುತ್ತಿರುವುದು ಏನು?” ಎಂದು ಕೇಳಿ ಸುಮ್ಮನಾದರು. ಆ ಮೌನವನ್ನು ಹಿಡಿದಿಡಲು ಅವರಿಗೆ ಎಷ್ಟು ಕಷ್ಟವಾಯಿತೆಂಬುದು ಮುಖದಲ್ಲೇ ಕಾಣುತ್ತಿತ್ತು. ಗುಟ್ಟು ಹೊರಬಂತು, ಚೆಕ್ಕಿನ ಪ್ರಶ್ನೆ ರಸೀದಿಯ ಪ್ರಶ್ನೆಯಾಯಿತು, ರಸೀದಿಯ ಪ್ರಶ್ನೆಗೆ ದಾರಿ ಇತ್ತು. ಯಾವ ಸ್ಲೈಡೂ ಅವರಿಗೆ ಇದನ್ನು ಕಲಿಸುತ್ತಿರಲಿಲ್ಲ. ಅವರ ಅನುಭವದ ಬಗ್ಗೆ ಗೌರವವಿದ್ದುದರಿಂದಲೇ ಆ ತರಬೇತುದಾರರು ಅಂಥ ಕಠಿಣ ಅಭ್ಯಾಸವನ್ನು ಅವರ ಮುಂದಿಟ್ಟರು.

ಸಮಾನರ ನಡುವಿನ ಜಗಳ ಬಿಡಿಸುವುದು, ಕೇಳಿಸಿಕೊಳ್ಳುವುದು, ಕಿರಿಯರಿಗೆ ಮಾರ್ಗದರ್ಶಕರಾಗುವುದು, ಒಂದು ವರ್ಷಕ್ಕೆ ಮೀರಿದ ಯೋಜನೆ ಕಟ್ಟುವುದು, ಹೊಣೆಯನ್ನು ಅಚ್ಚುಕಟ್ಟಾಗಿ ಮುಂದಿನವರಿಗೆ ಒಪ್ಪಿಸುವುದು: ಹಿರಿಯರ ತರಬೇತಿಯ ತಿರುಳು ಇಷ್ಟೇ. ಭಾಷಣ ಕಲೆ, ಸಭಾ ಶಿಷ್ಟಾಚಾರ, ಸಂಸ್ಥೆಯ ಇತಿಹಾಸ ಇವೆಲ್ಲ ಅವರಿಗೆ ಈಗಾಗಲೇ ಗೊತ್ತು. ಅವನ್ನು ಓದಲು ಕೊಟ್ಟರೆ ಸಾಕು.

ಇವುಗಳಲ್ಲಿ ಒಂದು ವರ್ಷಕ್ಕೆ ಮೀರಿದ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಮಾಜಿ ಅಧ್ಯಕ್ಷರ ನಿಜವಾದ ಬೆಲೆ ಅಲ್ಲಿದೆ. ನಮ್ಮ ಪದವಿಗಳೆಲ್ಲ ಒಂದು ವರ್ಷದವು, ಆದರೆ ನಮ್ಮ ಚಳವಳಿಯ ಹೆಮ್ಮೆಯ ಕೆಲಸಗಳಲ್ಲಿ ಒಂದೂ ಒಂದು ವರ್ಷದಲ್ಲಿ ಮುಗಿದದ್ದಲ್ಲ. ರೋಟರಿ 1979ರಲ್ಲಿ ಫಿಲಿಪ್ಪೀನ್ಸ್‌ನ ಮಕ್ಕಳಿಗೆ ಪೋಲಿಯೋ ಲಸಿಕೆ ಹಾಕಿಸುವ ಯೋಜನೆಯಿಂದ ಆರಂಭಿಸಿ, 1985ರಲ್ಲಿ ಪೋಲಿಯೋಪ್ಲಸ್ ಕಾರ್ಯಕ್ರಮವನ್ನು ಘೋಷಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮುಂತಾದವು ಜೊತೆಗೂಡಿ ಜಾಗತಿಕ ನಿರ್ಮೂಲನ ಅಭಿಯಾನ ಶುರುವಾದಾಗ 125 ದೇಶಗಳಲ್ಲಿ ವರ್ಷಕ್ಕೆ ಅಂದಾಜು 3.5 ಲಕ್ಷ ಮಂದಿ ಪೋಲಿಯೋಗೆ ತುತ್ತಾಗುತ್ತಿದ್ದರು. ಇಂದು ಆ ಸಂಖ್ಯೆ ಶೇಕಡ 99ಕ್ಕೂ ಹೆಚ್ಚು ಇಳಿದಿದೆ. ಈ ನಾಲ್ಕು ದಶಕಗಳಲ್ಲಿ ಪ್ರತಿ ವರ್ಷ ಅಂತರರಾಷ್ಟ್ರೀಯ ಅಧ್ಯಕ್ಷರು ಬದಲಾದರು, ಗವರ್ನರ್‌ಗಳು ಬದಲಾದರು, ಕ್ಲಬ್ ಅಧ್ಯಕ್ಷರು ಬದಲಾದರು. ಕೆಲಸ ಬದಲಾಗಲಿಲ್ಲ. ಪದವಿ ಇಳಿದ ಮೇಲೂ ಅದನ್ನು ಬಿಡದೆ ಹಿಡಿದುಕೊಂಡವರು ಇದ್ದುದರಿಂದ ಇದು ಸಾಧ್ಯವಾಯಿತು.

ಲಯನ್ಸ್ ಚಳವಳಿಯಲ್ಲೂ ಇದೇ ಕಥೆ. 1917ರಲ್ಲಿ ಶಿಕಾಗೋದ ಮೆಲ್ವಿನ್ ಜೋನ್ಸ್ ಅವರ ಪ್ರಯತ್ನದಿಂದ ಹುಟ್ಟಿದ ಸಂಸ್ಥೆಗೆ 1925ರ ಜೂನ್ 30ರಂದು ಅಮೆರಿಕದ ಓಹಾಯೋ ರಾಜ್ಯದ ಸೀಡರ್ ಪಾಯಿಂಟ್‌ನಲ್ಲಿ ಹೆಲೆನ್ ಕೆಲ್ಲರ್ ಅಂಧರ ಪರವಾಗಿ ನಿಲ್ಲುವಂತೆ ಕರೆ ಕೊಟ್ಟರು. ಅಂದು ಆ ಸಭೆಯಲ್ಲಿ ಕುಳಿತಿದ್ದ ಪದಾಧಿಕಾರಿಗಳ ಅವಧಿ ಬೇಗನೆ ಮುಗಿದುಹೋಗಿರಬೇಕು. ಕರೆಗೆ ಉತ್ತರ ಮಾತ್ರ ಪೀಳಿಗೆಯಿಂದ ಪೀಳಿಗೆಗೆ ಸಾಗಿತು. 1930ರಲ್ಲಿ ಅಮೆರಿಕದ ಪಿಯೋರಿಯಾ ನಗರದ ಲಯನ್ಸ್ ಕ್ಲಬ್ಬಿನ ಜಾರ್ಜ್ ಬೋನ್‌ಹ್ಯಾಮ್, ರಸ್ತೆ ದಾಟಲು ಹೆಣಗುತ್ತಿದ್ದ ಅಂಧ ವ್ಯಕ್ತಿಯೊಬ್ಬರ ಕಪ್ಪು ಕೋಲು ವಾಹನ ಚಾಲಕರಿಗೆ ಕಾಣುತ್ತಿಲ್ಲ ಎಂಬುದನ್ನು ಗಮನಿಸಿ, ಕೋಲಿಗೆ ಬಿಳಿ ಬಣ್ಣ ಬಳಿಯುವ ವಿಚಾರವನ್ನು ಕ್ಲಬ್ಬಿನ ಮುಂದಿಟ್ಟರು. ಬಿಳಿ ಕೋಲು ಜಗತ್ತಿಗೆಲ್ಲ ಪರಿಚಿತವಾಗಲು ಅದೂ ಒಂದು ಮುಖ್ಯ ಕಾರಣ. ಕೆಲ್ಲರ್ ಅವರ ಕರೆಯಾದ 65 ವರ್ಷಗಳ ಬಳಿಕ, 1990ರಲ್ಲಿ, ತಡೆಗಟ್ಟಬಹುದಾದ ಅಂಧತ್ವದ ವಿರುದ್ಧ ಸೈಟ್‌ಫಸ್ಟ್ ಕಾರ್ಯಕ್ರಮ ಆರಂಭವಾಯಿತು. ಇಷ್ಟು ಉದ್ದದ ಸರಪಳಿಯನ್ನು ಹಿಡಿದಿಟ್ಟ ಕೊಂಡಿಗಳು ಯಾರು? ನಾವು ಇಂದು ಎರಡನೆಯ ಸಾಲಿನಲ್ಲಿ ಕೂರಿಸಿ ಮರೆತುಬಿಡುವ ಜನರೇ.

ಆದ್ದರಿಂದ ಹಿರಿಯರ ತರಬೇತಿಯ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಕ್ಲಬ್ಬಿನ ಒಂದು ಅರ್ಧಕ್ಕೆ ನಿಂತ ಯೋಜನೆಯನ್ನು ಹೊತ್ತು ಬರಬೇಕೆಂದು ನಿಯಮ ಮಾಡಿ. ನೆಟ್ಟು ಮರೆತ ಗಿಡಗಳೋ, ಪುಸ್ತಕ ಇದ್ದೂ ಬೀಗ ಬಿದ್ದ ಗ್ರಂಥಾಲಯವೋ, ಒಮ್ಮೆ ಮಾಡಿ ಬಿಟ್ಟ ಮಧುಮೇಹ ತಪಾಸಣೆಯೋ, ಯಾವುದೇ ಆಗಲಿ. ಅದು ಏಕೆ ನಿಂತಿತು, ಯಾರ ಅವಧಿಯಲ್ಲಿ ನಿಂತಿತು, ಹಸ್ತಾಂತರದಲ್ಲಿ ಏನು ಕಳೆದುಹೋಯಿತು ಎಂಬುದನ್ನು ಮೂರು ದಿನ ಗುಂಪಾಗಿ ಕುಳಿತು ಬಿಡಿಸಲಿ. ಯಾರನ್ನೂ ದೂರಲು ಅಲ್ಲ; ಮರಳಿ ಎಬ್ಬಿಸಲು. ಹೊರಡುವಾಗ ಅವರ ಕೈಯಲ್ಲಿ ಮುಂದಿನ ಮೂರು ಅಧ್ಯಕ್ಷರ ಅವಧಿಯನ್ನು ದಾಟಿ ಹೋಗುವ ಒಂದು ಯೋಜನಾ ಪತ್ರ ಇರಲಿ.

ಈಗ ಆಯ್ಕೆಯ ವಿಚಾರಕ್ಕೆ ಬರುತ್ತೇನೆ. ಇಲ್ಲಿ ನನ್ನ ಮಾತು ಕೊಂಚ ಬಿರುಸಾಗಬಹುದು, ಮನ್ನಿಸಿ. ಅನೇಕ ಕಡೆ ಈ ತರಬೇತಿ ಪದವಿಯ ಟಿಕೆಟ್ ಆಗಿಬಿಟ್ಟಿದೆ. ಮುಂದೆ ಯಾರು ಯಾವ ಕುರ್ಚಿಗೆ ಎಂಬುದು ಮೊದಲೇ ತೀರ್ಮಾನವಾಗಿ, ಅವರ ಹೆಸರು ತರಬೇತಿಯ ಪಟ್ಟಿಗೆ ಹೋಗುತ್ತದೆ. ಚುನಾವಣೆಯಲ್ಲಿ ಬೆಂಬಲಿಸಿದವರಿಗೆ ಋಣ ತೀರಿಸಲು ಅವಕಾಶ ಕೊಡುವುದೂ ಉಂಟು. ಇನ್ನೊಂದು ಕಡೆ, ಯಾವ ಪದವಿಯನ್ನೂ ಬಯಸದ, ಆದರೆ ನಾಲ್ಕು ಕ್ಲಬ್‌ಗಳ ಕಿರಿಯರು ತೊಂದರೆ ಬಂದಾಗ ಮೊದಲು ಫೋನ್ ಮಾಡುವ ಹಿರಿಯರು ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಅವರ ಹೆಸರನ್ನು ಯಾರೂ ಬರೆಯುವುದಿಲ್ಲ, ಅವರು ತಾವಾಗಿ ಕೇಳುವುದೂ ಇಲ್ಲ. ಆ ಫೋನ್ ಕರೆ ಯಾರಿಗೆ ಹೋಗುತ್ತದೆ ಎಂದು ಸುಮ್ಮನೆ ವಿಚಾರಿಸಿ ನೋಡಿ. ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ.

ಮಹಿಳೆಯರ ಪಾಲಿನ ಬಗ್ಗೆಯೂ ಹೇಳದಿದ್ದರೆ ಈ ಪತ್ರ ಅಪೂರ್ಣ. ಲಯನ್ಸ್ 1987ರ ತೈಪೆ ಸಮಾವೇಶದಲ್ಲಿ ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆಯಿತು. ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ, ಐಸ್‌ಲ್ಯಾಂಡಿನ ಗುದ್ರುನ್ ಯಿಂಗ್ವಾಡೊಟ್ಟಿರ್, ಅಧಿಕಾರ ವಹಿಸಿಕೊಂಡದ್ದು 2018ರಲ್ಲಿ. ರೋಟರಿ 1989ರಲ್ಲಿ ತನ್ನ ನಿಯಮಾವಳಿಯನ್ನು ಬದಲಿಸಿತು. ಕೆನಡಾದ ಜೆನಿಫರ್ ಜೋನ್ಸ್ ಆ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆಯಾದದ್ದು 2022ರಲ್ಲಿ. ಬಾಗಿಲು ತೆರೆದದ್ದಕ್ಕೂ ತುದಿ ತಲುಪಿದ್ದಕ್ಕೂ ನಡುವೆ ಎರಡೂ ಕಡೆ ಮೂರು ದಶಕ ದಾಟಿದವು. ಮೇಲಕ್ಕೆ ಹೋಗುವ ದಾರಿಯಲ್ಲಿ ಅನುಭವಿಗಳ ತರಬೇತಿ ಒಂದು ಮುಖ್ಯ ಹೊಸ್ತಿಲು. ಆ ಹೊಸ್ತಿಲಲ್ಲಿ ನಾವು ಯಾರನ್ನು ತಡೆಯುತ್ತಿದ್ದೇವೆ ಎಂದು ಪ್ರಾಮಾಣಿಕವಾಗಿ ನೋಡಬೇಕು. ಮೂರು ದಿನ ಮನೆ ಬಿಟ್ಟು ದೂರದ ಊರಿನಲ್ಲಿ ತಂಗಬೇಕು ಎಂದಾಗ ಮಗು, ವೃದ್ಧ ತಂದೆತಾಯಿ, ಕಾಯಿಲೆಯ ಸಂಗಾತಿ ಇರುವವರು ಅರ್ಜಿಯನ್ನೇ ಹಾಕುವುದಿಲ್ಲ. ರಜೆ ಸಿಗದ ಕಾರ್ಮಿಕರೂ ಅಂಗಡಿ ಮುಚ್ಚಲಾಗದ ಸಣ್ಣ ವ್ಯಾಪಾರಿಗಳೂ ಹಾಗೆಯೇ ಹೊರಗುಳಿಯುತ್ತಾರೆ. ಓದುವ ಭಾಗವನ್ನು, ಸಿದ್ಧತೆಯ ಭಾಗವನ್ನು ಆನ್‌ಲೈನ್‌ನಲ್ಲಿ ಮುಗಿಸಿ, ಎದುರುಬದುರು ಕುಳಿತೇ ಮಾಡಬೇಕಾದ ಅಭ್ಯಾಸಗಳಿಗೆ ಮಾತ್ರ ಜನರನ್ನು ಕರೆಸಿದರೆ ಬಾಗಿಲು ಇನ್ನಷ್ಟು ಅಗಲವಾಗುತ್ತದೆ. ಎದುರುಬದುರಿನ ಭಾಗವನ್ನು ಪೂರ್ತಿ ಕೈಬಿಡಿ ಎಂದು ಮಾತ್ರ ನಾನು ಕೇಳಲಾರೆ. ಚೆಕ್ಕಿನ ಜಗಳದ ಆ ಮೌನ ಪರದೆಯ ಮೂಲಕ ಸಾಧ್ಯವಾಗುತ್ತಿರಲಿಲ್ಲ.

ತರಬೇತಿ ಮುಗಿದ ಕೂಡಲೇ ಒಂದು ಅಭಿಪ್ರಾಯ ಪತ್ರ ಹಂಚುತ್ತೇವೆ. ವ್ಯವಸ್ಥೆ ಹೇಗಿತ್ತು, ಊಟ ಹೇಗಿತ್ತು, ತರಬೇತುದಾರರು ಹೇಗಿದ್ದರು? ಎಲ್ಲರೂ ‘ಅತ್ಯುತ್ತಮ’ ಎಂದು ಬರೆಯುತ್ತಾರೆ, ನಾವು ಅದನ್ನು ವರದಿಯಲ್ಲಿ ಹಾಕಿ ಸಂತೋಷಪಡುತ್ತೇವೆ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ವಿದ್ವಾಂಸರು 1959ರಷ್ಟು ಹಿಂದೆಯೇ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯುವ ಕ್ರಮವನ್ನು ಮುಂದಿಟ್ಟಿದ್ದರು: ಬಂದವರಿಗೆ ಏನನಿಸಿತು, ಅವರು ಏನು ಕಲಿತರು, ಹಿಂತಿರುಗಿದ ಮೇಲೆ ಅವರ ನಡೆ ಬದಲಾಯಿತೇ, ಅದರಿಂದ ಕೊನೆಗೆ ಸಂಸ್ಥೆಗೆ ಏನು ಫಲ ಸಿಕ್ಕಿತು. ನಾವು ಮೊದಲ ಹಂತದಲ್ಲೇ ನಿಂತಿದ್ದೇವೆ. ಮೂರನೆಯ ಹಂತವನ್ನು ಅಳೆಯಲು ದೊಡ್ಡ ಖರ್ಚೇನೂ ಬೇಡ. ಆರು ತಿಂಗಳ ಬಳಿಕ ತರಬೇತಿ ಪಡೆದವರನ್ನು ಬಿಟ್ಟು, ಅವರು ಭೇಟಿ ಕೊಟ್ಟ ಕ್ಲಬ್‌ಗಳ ಕಾರ್ಯದರ್ಶಿಗಳಿಗೆ ಫೋನ್ ಮಾಡಿ. “ಇವರು ಬಂದು ಹೋದ ಮೇಲೆ ನಿಮ್ಮ ಯಾವ ಕೆಲಸ ಸುಲಭವಾಯಿತು?” ಎಂದು ಕೇಳಿ. ಅವರು ಒಂದು ಕೆಲಸವನ್ನಾದರೂ ಹೆಸರಿಸಿದರೆ ತರಬೇತಿ ಫಲಿಸಿದೆ.

ತರಬೇತುದಾರರಿಗೂ ಒಂದು ಮನವಿ ಇದೆ. ಅನುಭವಿಗಳ ಮುಂದೆ ನಿಲ್ಲುವುದು ಹೊಸಬರ ಮುಂದೆ ನಿಲ್ಲುವುದಕ್ಕಿಂತ ಕಷ್ಟ. ನಿಮಗಿಂತ ಹೆಚ್ಚು ಶಿಬಿರ ನಡೆಸಿದವರು, ಹೆಚ್ಚು ಹಣ ಸಂಗ್ರಹಿಸಿದವರು, ಹೆಚ್ಚು ಸಂಕಷ್ಟ ಕಂಡವರು ಎದುರಿಗೆ ಇರುತ್ತಾರೆ. ನಿಮ್ಮ ಸಾಧನೆಯ ಪರಿಚಯಕ್ಕೆ ಅರ್ಧ ಗಂಟೆ ಕೊಡಬೇಡಿ. ಅವರ ಬಾಯಿಂದ ಮಾತು ಹೊರಡಿಸಿ. ಯಾರೋ ಒಬ್ಬರೇ ಇಡೀ ಗುಂಪಿನ ಹೊತ್ತನ್ನು ನುಂಗುತ್ತಿದ್ದರೆ ಅವರನ್ನು ಮೃದುವಾಗಿ ತಡೆಯುವ ಧೈರ್ಯವೂ ನಿಮಗಿರಲಿ, ಅವರು ಎಷ್ಟೇ ದೊಡ್ಡ ಮಾಜಿಯಾಗಿದ್ದರೂ ಸರಿ.

ಇನ್ನು ನನ್ನ ಜೊತೆಯ ಮಾಜಿ ಅಧ್ಯಕ್ಷರೇ, ಈ ಮಾತು ನಿಮಗೆ. ‘ಇದೆಲ್ಲ ನಮಗೆ ಗೊತ್ತಿರುವುದೇ’ ಎಂಬ ಭಾವ ಬರುವುದು ಸಹಜ, ಅದರಲ್ಲಿ ಒಂದಿಷ್ಟು ನಿಜವೂ ಇದೆ. ನಿಮ್ಮ ಅವಧಿಯಲ್ಲಿ ನೀವು ಮಾಡಿದ ಕೆಲಸವನ್ನು ಯಾರೂ ಕಸಿದುಕೊಳ್ಳಲಾರರು. ಆದರೆ ಅದೇ ಕೆಲಸದ ಅಳತೆಗೋಲಿನಿಂದ ಮುಂದಿನ ಅಧ್ಯಕ್ಷರನ್ನು ಪ್ರತಿ ಸಭೆಯಲ್ಲೂ ಅಳೆಯುತ್ತಾ ಕುಳಿತರೆ, ಕ್ಲಬ್ಬಿನಲ್ಲಿ ಹೊಸಬರು ಹೆಜ್ಜೆ ಮುಂದಿಡಲು ಹೆದರುತ್ತಾರೆ. ಹಳಬರ ಅಸಮಾಧಾನಕ್ಕೆ ಬೇಸತ್ತು ಹೊಸ ಸದಸ್ಯರು ಸದ್ದಿಲ್ಲದೆ ಹೊರನಡೆದದ್ದನ್ನು ನೀವೂ ಕಂಡಿದ್ದೀರಿ. ತರಬೇತಿಗೆ ಹೋದರೆ ನಿಮ್ಮ ಎರಡೋ ಮೂರೋ ಅಭ್ಯಾಸಗಳನ್ನು ಬದಲಿಸಿಕೊಳ್ಳಲು ಹೋಗಿ. ಮರಳಿ ಬಂದು, ಕ್ಲಬ್ಬಿನ ಇಬ್ಬರು ಕಿರಿಯ ಸದಸ್ಯರನ್ನು ಆರಿಸಿ, ಒಂದು ವರ್ಷ ಅವರ ಹಿಂದೆ ನಿಲ್ಲಿ. ಶಿಬಿರದ ಅನುಮತಿ ಪತ್ರ ಬರೆಯುವುದರಿಂದ ಹಿಡಿದು ಆಸ್ಪತ್ರೆಯ ಆಡಳಿತದೊಂದಿಗೆ ಮಾತನಾಡುವ ತನಕ ಎಲ್ಲವನ್ನೂ ಅವರೇ ಮಾಡಲಿ. ತಡವರಿಸಿದಾಗ ಮಾತ್ರ ನೀವು ಬಾಯಿ ತೆರೆಯಿರಿ. ಛಾಯಾಚಿತ್ರದಲ್ಲಿ ಅವರು ಮುಂದಿರಲಿ.

ಗವರ್ನರ್‌ಗಳೇ, ಸಂಯೋಜಕರೇ, ಮುಂದಿನ ತಂಡದ ಆಯ್ಕೆಗೆ ನೀವು ಕುಳಿತುಕೊಳ್ಳುವ ಮೊದಲು ಎರಡು ಸಣ್ಣ ಬದಲಾವಣೆಗಳನ್ನು ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಅರ್ಜಿ ನಮೂನೆಯಲ್ಲಿ ‘ವಹಿಸಿದ ಪದವಿಗಳು’ ಎಂಬ ಅಂಕಣದ ಪಕ್ಕದಲ್ಲಿ ‘ನಿಮ್ಮಿಂದ ಕೆಲಸ ಕಲಿತು ಹೊಣೆ ಹೊತ್ತ ಸದಸ್ಯರು ಯಾರು?’ ಎಂಬ ಅಂಕಣವನ್ನೂ ಸೇರಿಸಿ, ಆ ಸದಸ್ಯರೊಡನೆ ಮಾತನಾಡಿಯೇ ಆಯ್ಕೆಯನ್ನು ಅಂತಿಮಗೊಳಿಸಿ. ಹಾಗೆಯೇ ಪ್ರತಿ ತಂಡದಲ್ಲಿ ಮೂರರಲ್ಲಿ ಒಂದು ಸ್ಥಾನವನ್ನು ಯಾವ ಜಿಲ್ಲಾ ಪದವಿಗೂ ಸ್ಪರ್ಧಿಸುವ ಇರಾದೆ ಇಲ್ಲದ ಹಿರಿಯರಿಗೆ ಮೀಸಲಿಡಿ. ಎರಡಕ್ಕೂ ಹೆಚ್ಚುವರಿ ಹಣ ಬೇಕಿಲ್ಲ, ಮೇಲಿನವರ ಅನುಮತಿಗೆ ಕಾಯಬೇಕಾಗಿಯೂ ಇಲ್ಲ; ಜಿಲ್ಲಾ ಸಂಪುಟದ, ಅಂದರೆ ಜಿಲ್ಲಾ ಪದಾಧಿಕಾರಿಗಳ ಮಂಡಳಿಯ, ಒಂದು ಸಭೆಯಲ್ಲಿ ಮುಗಿಯುವ ಕೆಲಸ. ಈ ವರ್ಷದ ಮೊದಲ ಸಂಪುಟ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಿ, ತೀರ್ಮಾನವನ್ನು ಎಲ್ಲ ಕ್ಲಬ್‌ಗಳಿಗೂ ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಸೇವೆಯಲ್ಲಿ ನಿಮ್ಮ ಜೊತೆಗಿರುವ,
ಒಬ್ಬ ಮಾಜಿ ಕ್ಲಬ್ ಅಧ್ಯಕ್ಷ